ಬೇಲಿಯೊಳಗಿನ ಬೆಂಕಿ ಯಾವ ಕೋರ್ಟಿಗೆ?

೧೯೭೧ ಅಕ್ಟೋಬರ್ ೧೬, ಶನಿವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಇಬ್ಬರು ಪೊಲೀಸರು. ಒಬ್ಬ ಜರ್ಮನ್, ಇನ್ನೊಬ್ಬ ಬಿಳಿ ಹೆಲ್ಮೆಟ್ಟಿನ ಅಮೆರಿಕನ್ ಸೇನಾ ಪೊಲೀಸ್. ನಡುವೆ ನನ್ನ ಅಕ್ಕನ ಮಗ ಶ್ರೀಕಾಂತ, ಮುಖಕ್ಕೆಲ್ಲ ಮಸಿ. ಹುಡುಗನನ್ನು ಒಪ್ಪಿಸಿದ್ದಕ್ಕೆ ಯಾರ ಕಾಗದದಲ್ಲಿ ನಮ್ಮ ಸಹಿ ಹಾಕಿಸಬೇಕು ಎಂದು ಅವರಿಬ್ಬರೂ ನಮ್ಮ ಹೊಸ್ತಿಲಲ್ಲೇ ವಾದಕ್ಕಿಳಿದರು. ಒಬ್ಬನಿಗೆ ಜರ್ಮನ್ ಬರುತ್ತಿತ್ತು, ಇನ್ನೊಬ್ಬನಿಗೆ ಇಂಗ್ಲಿಷ್. ಶ್ರೀಕಾಂತನೇ ಇಬ್ಬರಿಗೂ ಅನುವಾದ ಮಾಡಿಕೊಟ್ಟ.

ನಾನು ಜರ್ಮನಿಗೆ ಬಂದು ಆಗ ಐದು ತಿಂಗಳು. ಇದು ಸ್ಟುಟ್‌ಗಾರ್ಟ್‌ನಿಂದ ಮುಕ್ಕಾಲು ಗಂಟೆ ರೈಲಿನ ದೂರದ ಊರು. ಹೆಸರು ಬರೆಯಬೇಡ ಎಂದು ಅಕ್ಕ ಹೇಳಿದ್ದಾಳೆ. ಭಾವ ಇಲ್ಲಿನ ಆಸ್ಪತ್ರೆಯಲ್ಲಿ ಹತ್ತು ವರ್ಷದಿಂದ ಡಾಕ್ಟರು. ನಾನು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಕಣ ಎಣಿಸುವವಳು, ಆ ಚಟ ದಿನಚರಿಗೂ ಹತ್ತಿದೆ. ಮೊದಲ ತಿಂಗಳು ತಾವಾಗಿ ನನ್ನನ್ನು ಮಾತಾಡಿಸಿದ ಜರ್ಮನರು ಏಳು ಮಂದಿ. ಅವರಲ್ಲಿ ಐವರು ಮಾತಾಡಿದ್ದು ‘ಕೇರ್‌ವೋಖೆ’ಯ ಬಗ್ಗೆ. ಅಂದರೆ ಸಾಮೂಹಿಕ ಮೆಟ್ಟಿಲು ಗುಡಿಸುವ ವಾರದ ಸರದಿ, ನಾವು ತಪ್ಪಿಸಿದ್ದೆವಂತೆ.

ನಮ್ಮ ಬೀದಿಯ ತುದಿಗೆ ತಂತಿ ಬೇಲಿ. ಅದರಾಚೆ ಅಮೆರಿಕನ್ ಸೇನಾ ನೆಲೆ. ಒಳಗೆ ಡಾಲರು, ಇಂಗ್ಲಿಷ್, ಕೆಂಪು ಹಸಿರು ಐಸ್‌ಕ್ರೀಮು. ಬೆಳಗಾವಿಯವರಾದ ನಮಗೆ ದಂಡಿನ ಪ್ರದೇಶ ಹೊಸದಲ್ಲ. ನಮ್ಮ ಕ್ಯಾಂಪಿನಲ್ಲಿ ಹುಣಸೆಕಾಯಿ ಕದ್ದ ಹುಡುಗನನ್ನು ಅಪ್ಪನೇ ಕಿವಿ ಹಿಡಿದು ಸುಭೇದಾರರ ಮುಂದೆ ನಿಲ್ಲಿಸುತ್ತಿದ್ದ. ಹುಡುಗ ಕಾಲಿಗೆ ಬೀಳುತ್ತಿದ್ದ, ಅಪ್ಪ “ತಪ್ಪು ನಮ್ದರಿ” ಅನ್ನುತ್ತಿದ್ದ, ಸುಭೇದಾರರು ಚಹಾ ತರಿಸುತ್ತಿದ್ದರು. ಅಲ್ಲಿಗೆ ಮುಗಿಯಿತು. ಜೊತೆಗಿದ್ದ ಬೇರೆ ಮಕ್ಕಳ ಹೆಸರು ಹೇಳುವುದು ಮಾತ್ರ ಹೀನ ಕೆಲಸ. ಅವರ ಅಪ್ಪಂದಿರು ಅವರನ್ನು ಕರೆತರುತ್ತಾರೆ, ನಮಗೇಕೆ? ಭಾವ ಬೆಳೆದದ್ದು ಆ ಬೀದಿಯಲ್ಲೇ.

ಆ ಶನಿವಾರ ನಡೆದದ್ದು ಇಷ್ಟು. ಶ್ರೀಕಾಂತನಿಗೆ ಹದಿನೈದು. ನೆಲೆಯೊಳಗಿನ ಟಾಮ್ ಮತ್ತು ಗ್ಯಾರಿ, ಇಬ್ಬರೂ ಸೈನಿಕರ ಮಕ್ಕಳು, ಅವನ ಬಾಸ್ಕೆಟ್‌ಬಾಲ್ ಗೆಳೆಯರು. ಗೇಟಿನಲ್ಲಿ ಹೆಸರು ಬರೆಸಿ ಅತಿಥಿಯಾಗಿ ಒಳಗೆ ಹೋಗುತ್ತಿದ್ದ. ಮೂವರೂ ಆಟದ ಸಾಮಾನಿನ ಮರದ ಕೋಣೆಯ ಬೀಗ ಒಡೆದು ಕುಳಿತರು. ಗ್ಯಾರಿಯ ಸಿಗರೇಟಿನಿಂದ ಹಾಸಿಗೆಯಂಥ ಮ್ಯಾಟಿಗೆ ಬೆಂಕಿ ತಗುಲಿ ಕೋಣೆಯೇ ಸುಟ್ಟುಹೋಯಿತು. ಯಾರಿಗೂ ಗಾಯವಾಗಲಿಲ್ಲ. ಇಬ್ಬರು ಓಡಿದರು; ಇವನು ಬೆಂಕಿ ಆರಿಸುವವರನ್ನು ಕರೆಯಲು ನಿಂತು ಸಿಕ್ಕಿಬಿದ್ದ.

ಸೋಮವಾರ ಭಾವ ರಜೆ ಹಾಕಿದರು. ಅಕ್ಕ ಬೇಸನ್ ಉಂಡಿ ಕಟ್ಟಿದ್ದಳು.

“ಪಪ್ಪಾ, ನಾ ಹಚ್ಚಿಲ್ಲ. ಗ್ಯಾರಿ—”

“ಮಂದಿ ಮಕ್ಕಳ ಹೆಸರು ತಗೀಬ್ಯಾಡ. ನಿಂದೇನದ ಅಷ್ಟ ಹೇಳು.”

“ಉನ್‌ಗೆರೆಖ್ಟ್!” ಎಂದ ಹುಡುಗ. ಅನ್ಯಾಯ ಎಂದರ್ಥ.

“ಜರ್ಮನ್‌ದಾಗ ಅಳಬ್ಯಾಡ. ಬೂಟು ಹಾಕ್ಕೋ, ನಡಿ.”

“ಡಬ್ಬಿ ಸೊಟ್ಟ ಹಿಡೀಬ್ಯಾಡ್ರಿ, ಉಂಡಿ ಒಡೀತಾವ,” ಎಂದಳು ಅಕ್ಕ.

ನಾನೂ ಹೋಗಿದ್ದೆ. ಸೇನಾ ಪೊಲೀಸ್ ಕಚೇರಿಯ ಸಾರ್ಜೆಂಟ್ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ, ಉಂಡಿ ತಿಂದ. ಭಾವ ಕೈಜೋಡಿಸಿ ಇಂಗ್ಲಿಷಿನಲ್ಲಿ ಹೇಳಿದರು: ಬೀಗ ಒಡೆದದ್ದು, ಬೆಂಕಿ ಬಿದ್ದದ್ದು, ತಪ್ಪೆಲ್ಲ ನಮ್ಮದು. ಮೂವರಲ್ಲಿ ನನ್ನ ಮಗನೇ ಹಿರಿಯ. ಬುದ್ಧಿ ಹೇಳಬೇಕಾದವನೇ ದಾರಿ ತಪ್ಪಿಸಿದ. ಸಾರ್ಜೆಂಟ್ ಎಲ್ಲವನ್ನೂ ಟೈಪ್ ಮಾಡಿದ. ಶ್ರೀಕಾಂತ ಕಾಲು ಮುಟ್ಟಲು ಬಗ್ಗಿದಾಗ ಬೆಚ್ಚಿ ಕುರ್ಚಿ ಸಮೇತ ಹಿಂದೆ ಸರಿದ. ಆಮೇಲೆ ಅಪ್ಪ, ಮಗ ಇಬ್ಬರೂ ಸಹಿ ಹಾಕಿದರು.

“ಮುಗೀತು ನೋಡು ಸುಮಾ,” ಎಂದರು ಭಾವ ದಾರಿಯಲ್ಲಿ. “ಭಾಳ ಸಭ್ಯಸ್ಥ. ಎರಡು ಉಂಡಿ ತಿಂದ.”

ನವೆಂಬರ್ ೮ಕ್ಕೆ ಜರ್ಮನ್ ಬಾಲ ನ್ಯಾಯಾಲಯದ ಕಾಗದ ಬಂತು. ಅಲ್ಲಿಗೆ ತಲುಪುವ ಮೊದಲು ಪ್ರಕರಣ ತಿರುಗಿದ ದಾರಿಯನ್ನು ನಾವು ಹಿಡಿದ ಜರ್ಮನ್ ವಕೀಲರು ವಿವರಿಸಿದರು. ಬೇಲಿಯೊಳಗಿನ ನೆಲವೂ ಜರ್ಮನಿಯದೇ. ಅಮೆರಿಕನ್ ಸೇನಾ ನ್ಯಾಯಾಲಯ ಸೈನಿಕರನ್ನು ವಿಚಾರಿಸಬಹುದು, ಅವರ ಮಕ್ಕಳನ್ನಲ್ಲ. ಆ ಮಕ್ಕಳ ತವರಿನ ರಾಜ್ಯದ ಕೋರ್ಟಿಗೆ ಇಲ್ಲಿನ ಬೆಂಕಿಯ ಮೇಲೆ ಅಧಿಕಾರವಿಲ್ಲ. ನಮ್ಮ ದೂತಾವಾಸ ತನಗೆ ಸಂಬಂಧವಿಲ್ಲ ಎಂದಿತು. ನನ್ನ ಅಂದಿನ ಲೆಕ್ಕ: ನಮ್ಮದಲ್ಲ ಎಂದವರು ಮೂವರು, ನಮ್ಮದು ಎಂದವರು ಒಬ್ಬರು.

“ಹಂಗಾರ ಆ ಹುಡುಗರನ್ನೂ ಇದೇ ಕೋರ್ಟಿಗೆ ಕರೀಬೇಕಲ್ಲ?” ಎಂದು ಅಕ್ಕ ಕೇಳಿದಳು. ಭಾವ ಅದನ್ನು ಜರ್ಮನ್‌ಗೆ ತಿರುಗಿಸಿದರು.

ಕರೆಯಬಹುದಿತ್ತು, ಎಂದರು ವಕೀಲರು. ಆದರೆ ಇಂಥ ಸಂದರ್ಭದಲ್ಲಿ ನೆಲೆಯ ಅಧಿಕಾರಿ ಕುಟುಂಬವನ್ನೇ ವಿಮಾನ ಹತ್ತಿಸುತ್ತಾರೆ. ಹೋದವರ ಬೆನ್ನು ಯಾರೂ ಹತ್ತುವುದಿಲ್ಲ. ಮತ್ತೆ ಆ ಟೈಪ್ ಮಾಡಿದ ಹಾಳೆಯನ್ನು ಭಾವನ ಕಡೆಗೆ ತಿರುಗಿಸಿದರು. “ಬೆಂಕಿ ಹಚ್ಚಿದ್ದು ನಿಮ್ಮ ಮಗ ಎಂದು ಯಾರೂ ಹೇಳಿರಲಿಲ್ಲ, ಹೆರ್ ಡಾಕ್ಟರ್. ನೀವೇ ಹೇಳಿದಿರಿ.”

ಭಾವ ಆ ಸಂಜೆಯೇ ಗ್ಯಾರಿಯ ಅಪ್ಪನನ್ನು ಹುಡುಕಿಕೊಂಡು ಹೋದರು. ಕಿಟಕಿಗಳಿಗೆ ಪರದೆ ಇರಲಿಲ್ಲ. ಟಾಮನ ಮನೆಯೂ ಖಾಲಿ.

ಫೆಬ್ರುವರಿಯಲ್ಲಿ ಮುಚ್ಚಿದ ಬಾಗಿಲೊಳಗೆ ವಿಚಾರಣೆ. ಒಳಗಿನದನ್ನು ಭಾವನೇ ಒಂದು ಸಲ ಹೇಳಿದರು, ಮತ್ತೆ ಹೇಳಲಿಲ್ಲ. ಶ್ರೀಕಾಂತ ನಿಜ ಹೇಳಿದ. ಹಾಗಾದರೆ ಸಹಿ ಯಾಕೆ ಹಾಕಿದೆ ಎಂದರು ನ್ಯಾಯಾಧೀಶರು. ಪಪ್ಪಾ ಹಾಕೆಂದರು, ಎಂದ. ಭಾವ ಎದ್ದು ನಿಂತು ಬೆಳಗಾವಿಯ ಪದ್ಧತಿ ವಿವರಿಸಿದರು. ನ್ಯಾಯಾಧೀಶರು ಪೂರ್ತಿ ಕೇಳಿಸಿಕೊಂಡರಂತೆ. ಕೇಳಿ, ಒಬ್ಬ ಡಾಕ್ಟರು ಸುಳ್ಳಿನ ಕೆಳಗೆ ಸಹಿ ಹಾಕುತ್ತಾನೆಂದು ನಂಬಲಾರೆ ಎಂದರಂತೆ. ಆರು ತಿಂಗಳ ಶಿಕ್ಷೆ, ಆದರೆ ಅಮಾನತಿನಲ್ಲಿ, ಒಳಗೆ ಹೋಗಬೇಕಿಲ್ಲ. ಅಕ್ಕ ಅಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಆದರೆ ಇಲ್ಲಿ ಪರದೇಶದ ಮಕ್ಕಳಿಗೆ ಹದಿನಾರು ತುಂಬುವವರೆಗೆ ಮಾತ್ರ ವಾಸದ ಪರವಾನಗಿ ಬೇಕಿಲ್ಲ. ತುಂಬಿದ ಮೇಲೆ ತಮ್ಮ ಹೆಸರಿನಲ್ಲೇ ಅರ್ಜಿ ಹಾಕಬೇಕು. ಜೂನ್‌ನಲ್ಲಿ ಶ್ರೀಕಾಂತನಿಗೆ ಹದಿನಾರು ತುಂಬಿತು. ಜುಲೈ ೧೯ಕ್ಕೆ ಉತ್ತರ: ಶಿಕ್ಷೆಯಾಗಿರುವುದರಿಂದ ಪರವಾನಗಿ ಇಲ್ಲ, ಸೆಪ್ಟೆಂಬರ್ ೩೦ರೊಳಗೆ ಸ್ವದೇಶಕ್ಕೆ ಮರಳತಕ್ಕದ್ದು. ಆಕ್ಷೇಪಣೆ ಸಲ್ಲಿಸಿದ್ದೇವೆ. ದುಡ್ಡು ದಂಡ, ಎಂದಿದ್ದಾರೆ ವಕೀಲರು.

ಅವನು ಐದನೆಯ ವರ್ಷಕ್ಕೆ ಬಿಟ್ಟುಬಂದ ಸ್ವದೇಶ ಅದು. ಮನೆಮಾತು ಬರುತ್ತದೆ, ಓದಲು ಬರುವುದಿಲ್ಲ. ನಾನು ಕಲಿಸುತ್ತಿದ್ದೇನೆ. ಆಗಸ್ಟ್ ೨೦ರ ತನಕ ಕಲಿತದ್ದು: ಸ್ವರಗಳೆಲ್ಲ, ವ್ಯಂಜನ ಹದಿನೆಂಟು, ಒತ್ತಕ್ಷರ ಸೊನ್ನೆ.

“ಮೌಶಿ, ಇಷ್ಟ್ಯಾಕ ಅಕ್ಷರ ಬೇಕು ನಿಮಗ?”

“ಸುಮ್ನ ಬರಿ.”

“ಅಲ್ಲೆ ಹುಡುಗ್ರು ನನಗ ಏನಂತ ಕರೀತಾರ? ಡಾಯ್ಚರ್?”

ಜರ್ಮನ್ನ ಅಂತ ಕರೆದಾರು. ನಾನು ಮುಂದಿನ ಅಕ್ಷರ ಬರೆದುಕೊಟ್ಟೆ. ಇಲ್ಲಿ ಅವನ ಕ್ಲಾಸಿನವರು ಅವನನ್ನು ‘ಇಂಡರ್’, ಅಂದರೆ ಭಾರತದವ, ಅನ್ನುತ್ತಾರೆ.

ನೀನೂ ಅವನ ಜೊತೆ ಹೋಗಿ ಇದ್ದುಬಿಡು ಎನ್ನುತ್ತಾಳೆ ಅಕ್ಕ. ಹೋದರೆ ಈ ಲ್ಯಾಬು, ಈಗಷ್ಟೇ ಬಾಯಿಗೆ ಹತ್ತಿದ ಈ ಭಾಷೆ, ಮೊನ್ನೆ ಮೊದಲ ಸಲ ಚಹಾಕ್ಕೆ ಕರೆದ ಕೆಳಮನೆಯ ಅಜ್ಜಿ, ಎಲ್ಲ ಬಿಡಬೇಕು. ಉಳಿದರೆ ವಿಮಾನದ ಕಿಟಕಿಯಲ್ಲಿ ಅವನೊಬ್ಬನೇ. ಭಾವನನ್ನು ಕೇಳಿದೆ. ಅವರು ಈಗ ಯಾವ ವಿಷಯದಲ್ಲೂ ಅಭಿಪ್ರಾಯ ಹೇಳುವುದಿಲ್ಲ.

ಇಂಥ ಆಕ್ಷೇಪಣೆ ಎಲ್ಲಾದರೂ ಗೆದ್ದದ್ದು ಗೊತ್ತಿದ್ದವರು, ಅಥವಾ ಕನ್ನಡ ಮಾತಾಡಬಲ್ಲ, ಓದಲಾರದ ಹದಿನಾರರ ಹುಡುಗನನ್ನು ಸೇರಿಸಿಕೊಳ್ಳುವ ಶಾಲೆ ಬೆಳಗಾವಿ, ಧಾರವಾಡದ ಕಡೆ ಬಲ್ಲವರು ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಯಾರಿಗಾದರೂ ಜರ್ಮನ್ ಬರುತ್ತಿದ್ದರೆ ನೇರ ಅವನ ಹೆಸರಿಗೇ ಬರೆಯಿರಿ. ತಾನೇ ಓದಿಕೊಳ್ಳುತ್ತಾನೆ.