ಬೀಗದಕ್ಕ

ಆ ಆಸ್ಪತ್ರೆಗೆ ಬಂದ ಹೊಸದರಲ್ಲಿ ಚಿಕ್ಕ ಮೇಡಂಗೆ ಅನ್ನಿಸಿದ್ದು ಇಷ್ಟೇ: ತನ್ನ ಮೇಲಿನಾಕೆ ಶುದ್ಧ ಸೋಮಾರಿ.

ಮೇಲಿನಾಕೆ ಎಂದರೆ ಅಲ್ಲಿನ ನರ್ಸುಗಳಿಗೆಲ್ಲ ಮುಖ್ಯಸ್ಥೆ. ದಪ್ಪ ಮೈ, ನರೆತ ಕೂದಲಿನ ಗಟ್ಟಿ ತುರುಬು, ಕಾಲಿಗೆ ಗಂಡಸರ ಚಪ್ಪಲಿ. ಎದುರಿಗೆ ಎಲ್ಲರೂ 'ಅಕ್ಕಾ' ಎನ್ನುತ್ತಿದ್ದರು, ಹಿಂದಿನಿಂದ 'ಬೀಗದಕ್ಕ'. ಮೊದಲ ಮಹಡಿಯಲ್ಲಿ ಮೆಟ್ಟಿಲ ಪಕ್ಕದ ಕೋಣೆ ಅವಳದು. ಅದಕ್ಕೆ ಬಾಗಿಲಿರಲಿಲ್ಲ. ಯಾವಾಗಲೋ ಕೀಲು ಮುರಿದು ಕಳಚಿದ್ದನ್ನು ಅವಳು ಮತ್ತೆ ಹಾಕಿಸಿರಲೇ ಇಲ್ಲ.

ಚಿಕ್ಕ ಮೇಡಂ ಅವಳ ಕೈಕೆಳಗಿನ ಎರಡನೆಯ ಸ್ಥಾನಕ್ಕೆ ಬಂದವಳು. ಮೊದಲು ಇದ್ದ ದೊಡ್ಡ ಆಸ್ಪತ್ರೆಯಲ್ಲಿ ಒಂದು ದಿಂಬು ಬದಲಾಗಬೇಕಾದರೂ ಅವಳ ಸಹಿ ಬೇಕಿತ್ತು. ಇಲ್ಲಿ ನೋಡಿದರೆ ಎಲ್ಲವೂ ತಿರುಗುಮುರುಗು. ಯಾವ ವಾರ್ಡಿನಲ್ಲಿ ಯಾರಿಗೆ ಯಾವ ಪಾಳಿ ಎಂಬುದನ್ನು ಆಯಾ ವಾರ್ಡಿನವರೇ ಕೂತು ತೀರ್ಮಾನಿಸುತ್ತಿದ್ದರು. ಮಂಚ ಎಲ್ಲಿರಬೇಕು, ರೋಗಿಯ ಮನೆಯವರು ಎಷ್ಟು ಹೊತ್ತು ಕೂರಬಹುದು, ಅಳುವ ಮಗುವಿನ ಹತ್ತಿರ ತಾಯಿಯನ್ನು ಬಿಡಬೇಕೋ ಬೇಡವೋ, ಎಲ್ಲಕ್ಕೂ ಆಯಾ ವಾರ್ಡಿನ ಹೊಣೆ ಹೊತ್ತ ಸಿಸ್ಟರದೇ ಮಾತು. ಯಾರಾದರೂ ಮೆಟ್ಟಿಲು ಹತ್ತಿ ಬಂದು ಕೇಳಿದರೆ ಬೀಗದಕ್ಕ ಕನ್ನಡಕ ಮೂಗಿನ ತುದಿಗೆ ಇಳಿಸಿ ಅವರನ್ನೇ ನೋಡುತ್ತಿದ್ದಳು.

ಒಂದು ದಿನ ಹೊಸ ನರ್ಸೊಬ್ಬಳು ಬಂದು, "ಅಕ್ಕಾ, ಗೋಡೆ ಕಡೆ ಇರೋ ಅಜ್ಜಿಗೆ ಗಾಳಿ ಸಾಲ್ದಂತೆ. ಮಂಚ ಕಿಟಕಿ ಹತ್ರ ಎಳೀಲಾ?" ಎಂದಳು.

"ನಿನ್ನ ವಾರ್ಡಿನ ಕಿಟಕಿ ಇಲ್ಲಿಂದ ನನಗೆ ಕಾಣುತ್ತಾ?"

"ಇಲ್ಲ ಅಕ್ಕಾ."

"ಅಜ್ಜಿ ಕಾಣ್ತಾಳಾ?"

"ಇಲ್ಲ."

"ಎರಡೂ ಕಾಣೋಳು ನೀನು. ಕಾಣದೇ ಇರೋಳನ್ನ ಕೇಳೋಕೆ ಬಂದಿದ್ದೀಯಲ್ಲ, ನಿನಗೇನು ಹೇಳ್ಲಿ? ಹೋಗು, ಅಜ್ಜಿ ಅಷ್ಟರಲ್ಲಿ ಬೆಂದು ಹೋಗ್ತಾಳೆ."

ಆ ಹುಡುಗಿ ನಗುತ್ತಾ ಓಡಿದಳು. ಚಿಕ್ಕ ಮೇಡಂಗೆ ಮಾತ್ರ ನಗು ಬರಲಿಲ್ಲ. "ಹೀಗೆ ಬಿಟ್ರೆ ತಲೆಗೊಂದು ಮಾತಾಗಲ್ವಾ ಅಕ್ಕಾ?" ಎಂದು ಕೇಳಿಯೇಬಿಟ್ಟಳು.

"ಆಗುತ್ತೆ. ಮನೆ ಅಂದಮೇಲೆ ಪಾತ್ರೆ ಸದ್ದು ಇದ್ದೇ ಇರುತ್ತೆ."

"ಹಾಗಾದ್ರೆ ನಾವಿಬ್ಬರು ಇರೋದು ಯಾತಕ್ಕೆ?"

ಬೀಗದಕ್ಕ ಚಹಾದ ಲೋಟ ಕೆಳಗಿಟ್ಟಳು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ ತಂಗಿ? ಹಾಗಂತ ಕೊಡಲಿ ಬೇಕಾದಾಗ ಅದು ಮೂಲೇಲಿ ನಿದ್ದೆ ಮಾಡ್ತಿದ್ರೆ, ಅಂಥ ಕೊಡಲಿ ಇದ್ದೂ ದಂಡ. ನಾವಿರೋದು ಅದಕ್ಕೆ."

ಗಾದೆ ಹೇಳಿ ಜಾರಿಕೊಳ್ಳುವುದು ಯಾರಿಗೆ ಬರುವುದಿಲ್ಲ ಎಂದುಕೊಂಡಳು ಚಿಕ್ಕ ಮೇಡಂ.

ಆ ಅಡ್ಡಹೆಸರು ಹೇಗೆ ಬಂತೆಂದು ಹೇಳಿದವಳು ಹೆಂಗಸರ ವಾರ್ಡಿನ ಹಳೆಯ ಆಯಾ. ಬೀಗದಕ್ಕ ಇನ್ನೂ ಎಳೆ ವಯಸ್ಸಿನ ನರ್ಸಾಗಿದ್ದ ಕಾಲ. ಕಂಬಳಿಗಳೆಲ್ಲ ಉಗ್ರಾಣದಲ್ಲಿರುತ್ತಿದ್ದವು, ಉಗ್ರಾಣದ ಬೀಗದಕೈ ಕಚೇರಿಯಲ್ಲಿ, ಕಚೇರಿಯ ಯಜಮಾನರು ಯಾವುದೋ ಮದುವೆಯಲ್ಲಿ. ಕೊರೆಯುವ ಚಳಿ. ವಾರ್ಡಿನಲ್ಲಿ ಆಗಷ್ಟೇ ಹೆತ್ತ ಹೆಂಗಸೊಬ್ಬಳು ಹಲ್ಲು ಕಟಕಟಿಸುತ್ತಾ ನಡುಗುತ್ತಿದ್ದಳು. ಎಲ್ಲರೂ "ಅಪ್ಪಣೆ ಇಲ್ಲದೆ ಹೇಗೆ?" ಎಂದು ಮುಖಮುಖ ನೋಡಿಕೊಂಡು ನಿಂತಾಗ ಇವಳು ಡ್ರಿಪ್ ತೂಗುಹಾಕುವ ಕಬ್ಬಿಣದ ಕಂಬ ಎತ್ತಿಕೊಂಡು ಹೋಗಿ ಬೀಗಕ್ಕೆ ಬಾರಿಸಿದಳು. ಬೀಗ ಬಿತ್ತು, ಕಂಬವೂ ಬಾಗಿತು. ಶಿಕ್ಷೆಯಾಗಿ ವರ್ಷಪೂರ್ತಿ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು.

"ಬೇಜಾರಾಗ್ಲಿಲ್ವಾ ಅವರಿಗೆ?" ಎಂದು ಚಿಕ್ಕ ಮೇಡಂ ಕೇಳಿದಳು.

"ಬೇಜಾರಾ? ಅಲ್ಲಿ ಕೂತು ಯಾವ ವಾರ್ಡಿಗೆ ಯಾವ ಬಟ್ಟೆ ಎಷ್ಟು ಬೇಕು ಅಂತ ಆಯಾ ವಾರ್ಡಿನವರನ್ನೇ ಕೇಳೋಕೆ ಶುರು ಮಾಡಿದ್ಲು ಮಾರಾಯ್ತಿ. ಅಲ್ಲೀತನಕ ಯಾರೂ ಅವರನ್ನ ಕೇಳಿರಲೇ ಇಲ್ಲ!"

ಕತೆ ಚೆನ್ನಾಗಿಯೇ ಇತ್ತು. ಆದರೆ ಚಿಕ್ಕ ಮೇಡಂ ಅಷ್ಟಕ್ಕೆ ಕರಗುವವಳಲ್ಲ. ಯೌವನದಲ್ಲಿ ಬೀಗ ಒಡೆದವರು ಮುಪ್ಪಿನಲ್ಲಿ ಮೈಗಳ್ಳರಾಗಬಾರದೆಂದೇನಿಲ್ಲವಲ್ಲ.

ಆ ಲೆಕ್ಕಾಚಾರ ಮೊದಲು ಅಲುಗಿದ್ದು ಮಳೆಗಾಲಕ್ಕೆ ಮುಂಚೆ, ಮಕ್ಕಳ ವಾರ್ಡಿಗೆ ಜ್ವರದ ಮಕ್ಕಳು ಮೇಲಿಂದಮೇಲೆ ಬಂದು ತುಂಬಿಕೊಂಡಾಗ. ಆ ವಾರ್ಡಿನ ಸಿಸ್ಟರು ಕಡ್ಡಿಯಂಥ ಹೆಂಗಸು, ಬಾಯಿ ಮಾತ್ರ ಜೋರು. ಅವಳೇ ಮೆಟ್ಟಿಲು ಹತ್ತಿ ಬಂದು, "ಅಕ್ಕಾ, ಇನ್ನು ನನ್ನ ಕೈಲಾಗಲ್ಲ" ಎಂದಳು. ಬೀಗದಕ್ಕ ಈ ಸಲ ಕನ್ನಡಕ ಇಳಿಸಲಿಲ್ಲ. ಎದ್ದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬೇರೆ ವಾರ್ಡುಗಳಿಂದ ಕೈಗಳನ್ನು ಕಡ ಕೇಳಿ ತಂದಳು, ತಾನೂ ಹೋಗಿ ವಾಂತಿಯ ಬಟ್ಟೆ ಎತ್ತಿದಳು, ಮಕ್ಕಳ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಆದರೆ ಯಾವ ಮಗುವಿಗೆ ಏನು ಮೊದಲು ಎಂಬುದನ್ನು ಆ ಕಡ್ಡಿ ಸಿಸ್ಟರನ್ನೇ ಕೇಳುತ್ತಿದ್ದಳು. "ಈಗ ಯಾವುದು ಸಿಸ್ಟರ್?" ಎಂದು ಆಯಾಳಂತೆ ನಿಂತು ಕೇಳುತ್ತಿದ್ದುದನ್ನು ಚಿಕ್ಕ ಮೇಡಂ ಬಾಗಿಲಲ್ಲಿ ನಿಂತು ನೋಡಿದಳು. ಜ್ವರದ ಗದ್ದಲ ಇಳಿದ ದಿನ ಬೀಗದಕ್ಕ ಕೈ ತೊಳೆದು ಮೇಲೆ ಹೋಗಿಬಿಟ್ಟಳು.

ಅದೇ ಬೀಗದಕ್ಕ ಇನ್ನೊಂದು ಸಲ ಯಾರನ್ನೂ ಕೇಳದೆ ಗಂಡಸರ ವಾರ್ಡಿಗೆ ನುಗ್ಗಿದ್ದೂ ಉಂಟು. ಬುದ್ಧಿ ಸ್ಥಿಮಿತವಿಲ್ಲದ ರೋಗಿಯೊಬ್ಬನ ಕೈಯನ್ನು ಮಂಚಕ್ಕೆ ಕಟ್ಟಿ ಹೊಡೆಯುತ್ತಾರೆಂಬ ಮಾತು ಕಿವಿಗೆ ಬಿದ್ದಿತ್ತು. ಹೋಗಿ ಕಟ್ಟು ಬಿಚ್ಚಿದಳು, ಅಲ್ಲಿನ ಸಿಸ್ಟರನ್ನು ಆ ನಿಮಿಷವೇ ಕೆಲಸದಿಂದ ಹೊರಗೆ ನಿಲ್ಲಿಸಿದಳು. "ನಮ್ಮ ವಾರ್ಡು ನಮ್ಮದು ಅಂತ ನೀವೇ ಹೇಳ್ತಿದ್ರಿ" ಎಂದು ಅವಳು ಗೊಣಗಿದಾಗ ಬೀಗದಕ್ಕನ ಧ್ವನಿ ಇಡೀ ಮಹಡಿಗೆ ಕೇಳಿಸಿತ್ತು: "ವಾರ್ಡು ನಿಂದು. ಆ ಮನುಷ್ಯ ನಿಂದಲ್ಲ."

ಮಳೆ ಹಿಡಿಯಿತು. ಆಸ್ಪತ್ರೆಯ ಹಿಂದೆಯೇ ನದಿ. ಒಂದು ಬೆಳಿಗ್ಗೆ, ರೋಗಿಗಳ ತಿಂಡಿಯ ಹೊತ್ತಿಗೆ, ನದಿಯ ಮೇಲ್ಗಡೆ ಎಲ್ಲೋ ಒಡ್ಡು ಒಡೆಯಿತು. ಚಿಕ್ಕ ಮೇಡಂ ಕಿಟಕಿಯಿಂದ ಕಂಡದ್ದು ಅಂಗಳದಲ್ಲಿ ಜಾರಿ ಬರುತ್ತಿದ್ದ ಕಂದು ಬಣ್ಣದ ಒಂದು ಪದರ, ಅಷ್ಟೇ. ನೋಡನೋಡುತ್ತಿದ್ದಂತೆ ಅದು ಆಂಬುಲೆನ್ಸಿನ ಚಕ್ರ ನುಂಗಿತು. ದೀಪ ಆರಿತು. ನೆಲಮಾಳಿಗೆಯಲ್ಲಿದ್ದ ಜನರೇಟರ್ ಕೆಮ್ಮಿ ಸುಮ್ಮನಾಯಿತು. ಲಿಫ್ಟು ನಿಂತಿತು, ಫೋನು ಸತ್ತಿತು.

ಚಿಕ್ಕ ಮೇಡಂ ಕಿಟಕಿ ಬಿಟ್ಟು ತಿರುಗಿದಳು. ನೆಲ ಅಂತಸ್ತಿನಲ್ಲಿ ಮಕ್ಕಳ ವಾರ್ಡಿದೆ, ಅಡುಗೆಮನೆಯಿದೆ. ಆಜ್ಞೆ ಕೊಡಬೇಕು! ಮಕ್ಕಳನ್ನು ಮೇಲೆ ತನ್ನಿ ಎನ್ನಬೇಕು, ಜಾಗ ಮಾಡಿಸಬೇಕು, ಸಿಲಿಂಡರ್ ಹೊರಿಸಬೇಕು. ಚಪ್ಪಲಿ ಬಿಟ್ಟು ಮೆಟ್ಟಿಲಿಗೆ ಓಡಿದಳು. ಓಡಿದವಳು ಅರ್ಧದಲ್ಲೇ ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾಯಿತು, ಏಕೆಂದರೆ ಮಕ್ಕಳು ಆಗಲೇ ಮೇಲೆ ಬರುತ್ತಿದ್ದರು.

ತಾಯಂದಿರ ಬೆನ್ನಿಗೆ, ಎದೆಗೆ ಹಾಸಿಗೆಯ ಬಟ್ಟೆಯಿಂದ ಬಿಗಿದು ಕಟ್ಟಿದ ಮಕ್ಕಳು. ಡ್ರಿಪ್ಪಿನ ಬಾಟಲಿಯನ್ನು ಹಲ್ಲಲ್ಲಿ ಕಚ್ಚಿಕೊಂಡ ನರ್ಸು. ಕೊನೆಯಲ್ಲಿ ತೊಡೆಯವರೆಗೆ ನೆನೆದ ಕಡ್ಡಿ ಸಿಸ್ಟರು. "ದಾರಿ ಬಿಡಿ ಮೇಡಂ!"

"ಯಾರು ಹೇಳಿದ್ರು ನಿಮಗೆ ಮೇಲೆ ಬರೋಕೆ?"

"ಯಾರು ಹೇಳ್ಬೇಕು? ನೀರು ಹೇಳ್ತು!"

ಮೇಲೆ ಹೆಂಗಸರ ವಾರ್ಡಿಗೆ ಹೋಗಿ ನೋಡಿದರೆ ಅಲ್ಲಿನ ಸಿಸ್ಟರು ಮಂಚಗಳನ್ನು ಜೋಡಿಸಿ ಅರ್ಧ ವಾರ್ಡನ್ನು ಖಾಲಿ ಮಾಡಿಟ್ಟಿದ್ದಳು. ಈ ಇಬ್ಬರು ಸಿಸ್ಟರುಗಳಿಗೆ ವರ್ಷವಿಡೀ ಎಣ್ಣೆ ಸೀಗೇಕಾಯಿ, ಒಬ್ಬರ ನೆರಳು ಕಂಡರೆ ಇನ್ನೊಬ್ಬರಿಗಾಗದು. ಈಗ ಒಬ್ಬಳು ಮಗುವನ್ನು ಚಾಚಿದರೆ ಇನ್ನೊಬ್ಬಳು ಕೈಯೊಡ್ಡುತ್ತಿದ್ದಳು. ಅತ್ತ ಗಂಡಸರ ವಾರ್ಡಿನಲ್ಲಿ ಚೇತರಿಸಿಕೊಂಡಿದ್ದ ರೋಗಿಗಳು ಹಿಂದಿನ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಆಮ್ಲಜನಕದ ಸಿಲಿಂಡರುಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಅಡುಗೆಯವನು ಒಲೆಯನ್ನೇ ತಲೆಯ ಮೇಲೆ ಹೊತ್ತು ತಂದು ಮಹಡಿಯ ಮೊಗಸಾಲೆಯಲ್ಲಿ ಗಂಜಿಗೆ ನೀರಿಟ್ಟಿದ್ದ. ಚಿಕ್ಕ ಮೇಡಂ ವಾರ್ಡಿನಿಂದ ವಾರ್ಡಿಗೆ ಓಡಿದಳು. ಎಲ್ಲಿಯೂ ಅವಳು ಹೊತ್ತು ತಂದಿದ್ದ ಆಜ್ಞೆ ಬೇಕಾಗಲಿಲ್ಲ. ಇಷ್ಟು ವರ್ಷ ತಾನು ಆಸ್ಪತ್ರೆ ಎಂದುಕೊಂಡಿದ್ದು ಮೇಲಿನಿಂದ ದಾರ ಹಿಡಿದು ಆಡಿಸುವ ಬೊಂಬೆಯನ್ನು. ಇದಕ್ಕೆ ಮೈಯೆಲ್ಲ ಜೀವವಿತ್ತು.

ಬೀಗದಕ್ಕ ಎಲ್ಲಿ? ಅವಳು ಮೆಟ್ಟಿಲ ತಿರುವಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತಿದ್ದಳು. ಅವಳ ಹತ್ತಿರ ಬರುತ್ತಿದ್ದುದು ವಾರ್ಡಿನವರಿಂದ ಬಗೆಹರಿಯದ ತಂಟೆಗಳು ಮಾತ್ರ. ಕೈಯಿಂದ ಒತ್ತಿ ಉಸಿರು ಕೊಡುವ ಚೀಲಗಳು ಸಾಲದೆ ಎರಡು ವಾರ್ಡುಗಳವರು ಒಂದಕ್ಕೇ ಜಗ್ಗಾಡುತ್ತಾ ಬಂದರು. ಬೀಗದಕ್ಕ ಇಬ್ಬರ ಮಾತನ್ನೂ ಕೇಳಿದಳು, ಕಣ್ಣು ಮಿಟುಕಿಸುವಷ್ಟರಲ್ಲಿ ಒಬ್ಬರಿಗೆ ಕೊಟ್ಟಳು. ಸಿಗದವನು ಮರುಮಾತಾಡದೆ ಓಡಿದ. ದಿನಾ ಅಡ್ಡಬಾರದವಳ ಒಂದು ಮಾತಿಗೆ ಎಷ್ಟು ತೂಕವಿರುತ್ತದೆಂದು ಚಿಕ್ಕ ಮೇಡಂ ಆಗ ಕಂಡಳು.

ಮಧ್ಯಾಹ್ನ ರಕ್ಷಣಾ ದಳದ ಅಧಿಕಾರಿ ದೋಣಿಯಲ್ಲಿ ಬಂದ. ಬಂದವನೇ, "ಇನ್ನು ಮುಂದೆ ಎಲ್ಲ ನನ್ನ ಆಜ್ಞೆ. ಯಾರನ್ನ ಮೊದಲು ಸಾಗಿಸ್ಬೇಕು ಅಂತ ನಾನು ನೋಡಿ ಹೇಳ್ತೀನಿ" ಎಂದ.

ಬೀಗದಕ್ಕ ಎದ್ದು ಕೈಮುಗಿದಳು. "ನೀವು ಬಂದಿದ್ದು ದೇವರು ಬಂದ ಹಾಗೆ ಸ್ವಾಮಿ. ಆದ್ರೆ ಯಾರ ಉಸಿರು ಎಷ್ಟು ಹೊತ್ತು ತಡೆಯುತ್ತೆ ಅಂತ ಅವರ ತಲೆಹತ್ರ ಕೂತಿರೋರಿಗೆ ಗೊತ್ತು. ಅದನ್ನ ಅವರಿಗೆ ಬಿಡಿ. ನಮ್ಮ ಕೈಲಿ ಆಗದೇ ಇರೋದು ಬೇರೆ ಇದೆ. ಇನ್ನಷ್ಟು ದೋಣಿ ಬೇಕು, ಒಂದು ಜನರೇಟರ್ ಬೇಕು, ಆಚೆ ದಡದ ಆಸ್ಪತ್ರೇಲಿ ಜಾಗ ಬೇಕು. ಅದಕ್ಕೆ ನೀವೇ ಗತಿ. ಅದನ್ನ ತರೋವರೆಗೂ ನಾನು ನಿಮ್ಮ ಬೆನ್ನು ಬಿಡಲ್ಲ."

ಅಧಿಕಾರಿ ಸುತ್ತ ನೋಡಿದ. ಸಿಲಿಂಡರಿನ ಸಾಲು ನೋಡಿದ, ಗಂಜಿ ಬಡಿಸುತ್ತಿದ್ದುದನ್ನು ನೋಡಿದ. ಒಳ್ಳೆಯ ಮನುಷ್ಯನಿರಬೇಕು, ಟೋಪಿ ಸರಿಮಾಡಿಕೊಂಡು, "ಆಯ್ತಮ್ಮ, ತರ್ತೀನಿ" ಎಂದ. ಸಂಜೆಯೊಳಗೆ ತಂದ.

ಎಲ್ಲರೂ ಉಳಿದರು ಎಂದರೆ ಸುಳ್ಳಾಗುತ್ತದೆ. ಎರಡನೆಯ ದೋಣಿಯಲ್ಲಿ ಕಳಿಸಿದ ಮುದುಕರೊಬ್ಬರು ಆಚೆ ದಡ ಮುಟ್ಟುವ ಮೊದಲೇ ಹೋಗಿಬಿಟ್ಟರು. ಅವರನ್ನು ಎರಡನೆಯದಕ್ಕೆ ಇಟ್ಟಿದ್ದು ಹೆಂಗಸರ ವಾರ್ಡಿನ ಸಿಸ್ಟರು. ಗಂಡಸರ ವಾರ್ಡಿಗೆ ಆಗ ಸಿಸ್ಟರಿರಲಿಲ್ಲವಾಗಿ ಆ ಹೊಣೆಯನ್ನೂ ಅವಳೇ ಹೊತ್ತಿದ್ದಳು. ಸುದ್ದಿ ಕೇಳಿ ಅವಳು ಒದ್ದೆ ಮೆಟ್ಟಿಲ ಮೇಲೆ ಕುಸಿದಳು. ಬೀಗದಕ್ಕ ಪಕ್ಕದಲ್ಲಿ ಕೂತಳು. ಅವಳ ಪಾದದ ಕೆಸರನ್ನು ತನ್ನ ಸೆರಗಿನಿಂದ ಒರೆಸುತ್ತಾ ಬಹಳ ಹೊತ್ತು ಕೂತಿದ್ದಳು.

ನೀರಿಳಿದ ಮೇಲೆ ವಿಚಾರಣೆ ಬಂತು. ಉದ್ದನೆಯ ಮೇಜು, ಅದರಾಚೆ ದೊಡ್ಡವರು. "ಆ ಮುದುಕರನ್ನ ಮೊದಲ ದೋಣಿಗೆ ಹಾಕಲಿಲ್ಲ ಯಾಕೆ? ತೀರ್ಮಾನ ಯಾರದು?" ಎಂದು ಕೇಳಿದರು. ಸಿಸ್ಟರು ಎದ್ದು ನಿಲ್ಲಲು ಹೊರಟಾಗ ಬೀಗದಕ್ಕ ಅವಳ ಭುಜ ಅದುಮಿ ಕೂರಿಸಿದಳು.

"ತೀರ್ಮಾನ ಅವಳದು. ತೀರ್ಮಾನ ಮಾಡು ಅಂತ ಬಿಟ್ಟಿದ್ದು ನಾನು. ಮೊದಲ ದೋಣೀಲಿ ಹೋದವರೆಲ್ಲ ಉಳಿದಿದ್ದಾರೆ, ಅದು ಅವಳ ಹೆಸರಿಗೆ ಬರ್ಕೊಳ್ಳಿ. ಉಳೀದೇ ಇದ್ದದ್ದಕ್ಕೆ ಕೇಳೋದಿದ್ರೆ ನನ್ನ ಕೇಳಿ."

"ಅದೆಂಥ ನ್ಯಾಯ? ಒಳ್ಳೇದು ಅವರಿಗೆ, ಕೆಟ್ಟದ್ದು ನಿಮಗಾ?"

"ಮೇಲೆ ಕೂರಿಸಿ ಸಂಬಳ ಕೊಡೋದು ಇನ್ಯಾತಕ್ಕೆ ಸ್ವಾಮಿ?"

ಮುದುಕರ ಮಗ ಹಿಂದಿನ ಬೆಂಚಿನಲ್ಲಿದ್ದ. ಹೊರಗೆ ಬಂದಾಗ ಅವನು ಸಿಸ್ಟರ ಮುಂದೆ ನಿಂತು ತಲೆಬಾಗಿಸಿ ಹೋದ. ವಿಚಾರಣೆಯಲ್ಲಿ ಬೀಗದಕ್ಕನಿಗೆ ಎಚ್ಚರಿಕೆಯಷ್ಟೇ ಸಿಕ್ಕಿತು. ಸಿಸ್ಟರು ಮರುದಿನ ಕೆಲಸಕ್ಕೆ ಬಂದಳು.

ಬೀಗದಕ್ಕ ನಿವೃತ್ತಳಾಗಿ ತಮ್ಮನ ಮನೆ ಸೇರಿದಳು, ಅವಳ ಜಾಗಕ್ಕೆ ಚಿಕ್ಕ ಮೇಡಂ ಬಂದಳು. ಕೆಲವು ವರ್ಷಗಳ ಮೇಲೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಬೀಗದಕ್ಕನನ್ನು ಸ್ಟ್ರೆಚರಿನಲ್ಲಿ ಅದೇ ಆಸ್ಪತ್ರೆಗೆ ತಂದರು. ಚಿಕ್ಕ ಮೇಡಂ ಅಳುತ್ತಾ ಓಡಿಬಂದಳು. ವಿಶೇಷ ಕೋಣೆ ಕೊಡಿಸುತ್ತೇನೆ, ರಾತ್ರಿ ಹಗಲು ಇಬ್ಬರು ನರ್ಸುಗಳನ್ನು ಇಡುತ್ತೇನೆ ಎಂದು ಗಡಿಬಿಡಿ ಮಾಡಿದಳು. ವಾರ್ಡಿನ ಸಿಸ್ಟರು ಮೊನ್ನೆ ಮೊನ್ನೆ ಬಂದ ಹುಡುಗಿ. ಅವಳು ಗಂಟಲು ಸರಿಮಾಡಿಕೊಂಡು, "ಮೇಡಂ, ಕೋಣೆ ಬೇಡ. ಒಬ್ಬರೇ ಇದ್ರೆ ಬಿದ್ದಾರು. ಇಲ್ಲೇ ನನ್ನ ಕಣ್ಣ ಮುಂದೆ ಇರ್ಲಿ" ಎಂದಳು.

ಚಿಕ್ಕ ಮೇಡಂ ಬೀಗದಕ್ಕನ ಮುಖ ನೋಡಿದಳು. ನೋವಿನಲ್ಲಿಯೂ ಆ ಮುದುಕಿಯ ಕಣ್ಣುಗಳು ಹೊಳೆಯುತ್ತಿದ್ದವು.

"ನನ್ನ ಯಾಕೆ ನೋಡ್ತೀಯ? ನಾನು ರೋಗಿ. ಸಿಸ್ಟರ್ ಹೇಳಿದ ಹಾಗೆ ಕೇಳೋಳು," ಎಂದು ಬೀಗದಕ್ಕ ಆ ಹುಡುಗಿಯತ್ತ ತಿರುಗಿದಳು. "ಸಿಸ್ಟರ್, ಇವರು ಇನ್ನೂ ಎಷ್ಟು ಹೊತ್ತು ಇರಬಹುದು?"

"ನೋಡೋಕೆ ಬರೋರ ಹೊತ್ತು ಮುಗೀತು," ಎಂದಳು ಹುಡುಗಿ, ಭಯಪಡುತ್ತಲೇ.

ಇಡೀ ಆಸ್ಪತ್ರೆಯ ನರ್ಸುಗಳ ಮುಖ್ಯಸ್ಥೆ ಕಣ್ಣೊರೆಸಿಕೊಂಡು ಹೊರಗೆ ಬಂದು ಮೊಗಸಾಲೆಯ ಬೆಂಚಿನ ಮೇಲೆ, ಉಳಿದ ರೋಗಿಗಳ ಮನೆಯವರ ನಡುವೆ ಜಾಗ ಮಾಡಿಕೊಂಡು ಕೂತಳು. ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಆ ಹುಡುಗಿ ಬೀಗದಕ್ಕನ ಕಾಲ ಕೆಳಗೆ ದಿಂಬಿಟ್ಟಳು, ಸರಿಕಾಣದೆ ತೆಗೆದಳು, ಇನ್ನೊಂದು ಬಗೆಯಲ್ಲಿ ಇಟ್ಟಳು. ಬೀಗದಕ್ಕ ತುಟಿ ಕಚ್ಚಿಕೊಂಡು, ಒಂದು ಮಾತೂ ಆಡದೆ, ಅವಳ ಕೈಗಳನ್ನೇ ನೋಡುತ್ತಾ ಮಲಗಿದ್ದಳು.