ಅತ್ತಿಗೆಯ ಲೈಸೆನ್ಸು, ನಾಲ್ಕು ಚಮಚ ಪೆಟ್ರೋಲು

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ಮನೆಯವರೆಲ್ಲ ಹೇಳುತ್ತಾರೆ. ಇರಬಹುದು. ನಮ್ಮಣ್ಣನಂಥ ಅಣ್ಣ ಇದ್ದರೆ ಯಾರಿಗಾದರೂ ಬರುತ್ತೆ. ಮೂವತ್ತು ವರ್ಷ ಒಂದೇ ಟ್ಯಾಕ್ಸಿ ಓಡಿಸಿದವನು. ಸ್ಟ್ಯಾಂಡಿನವರು ಅವನನ್ನು ‘ಸ್ವಿಚ್ ಸಾಹೇಬ’ ಅಂತ ಕರೆಯುತ್ತಿದ್ದರು, ಬೆನ್ನ ಹಿಂದೆ ಅಲ್ಲ, ಎದುರಿಗೇ. ಸಿಗ್ನಲ್ಲಲ್ಲಿ ಕಾರು ನಿಂತರೆ ಹೆಡ್‌ಲೈಟು ಆಫ್. ಮಳೆ ಹನಿದರೆ ವೈಪರ್ ಒಂದು ಸಲ ಒರೆಸಿ ಆಫ್. ಕಾರಿನಲ್ಲಿ ರೇಡಿಯೋ ಇತ್ತು, ಅದರ ದನಿ ಹೇಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

“ಕರೆಂಟೇನು ಆಕಾಶದಿಂದ ಉದುರುತ್ತಾ? ಪೆಟ್ರೋಲು ಸುಟ್ಟೇ ಕರೆಂಟಾಗೋದು,” ಅನ್ನುತ್ತಿದ್ದ.

ಮಾತು ಸುಳ್ಳಲ್ಲ. ನಾನು ಗಾಡಿಗಳ ವೈರಿಂಗ್ ಕೆಲಸ ಮಾಡುವವಳು, ನನ್ನದೇ ಒಂದು ಶೆಡ್ಡಿದೆ. ಗಾಡಿಯೊಳಗೆ ಕರೆಂಟು ಹುಟ್ಟಿಸುವ ಆಲ್ಟರ್ನೇಟರನ್ನು ಎಂಜಿನ್ನೇ ಬೆಲ್ಟಿನಿಂದ ತಿರುಗಿಸಬೇಕು. ನಿಂತ ಗಾಡಿಯಲ್ಲಿ ಹೆಡ್‌ಲೈಟು ಹಾಕಿದರೆ ಎಂಜಿನ್ನಿನ ದನಿ ಒಂದು ಚೂರು ತಗ್ಗುತ್ತದೆ, ಕಿವಿಗೊಟ್ಟರೆ ಕೇಳಿಸುತ್ತೆ. ಲೈಟು ಪೆಟ್ರೋಲು ಕುಡಿಯೋದು ನಿಜ. ಎಷ್ಟು ಕುಡಿಯುತ್ತೆ ಅನ್ನೋದು ಅಣ್ಣನಿಗೆ ಗೊತ್ತಿರಲಿಲ್ಲ, ಕೇಳುವ ಗೋಜಿಗೂ ಅವನು ಹೋಗಿರಲಿಲ್ಲ.

ಆದರೆ ನಾನು ಹೇಳಹೊರಟಿದ್ದು ಅತ್ತಿಗೆಯ ವಿಷಯ. ಅತ್ತಿಗೆ ಆಸ್ಪತ್ರೆಯಲ್ಲಿ ನರ್ಸು. ಇಪ್ಪತ್ತೆರಡು ವರ್ಷದಿಂದ ಅದೇ ಡ್ರೆಸ್ಸಿಂಗ್ ರೂಮು, ಅದೇ ಕಿಟಕಿ, ಅದೇ ಹತ್ತಿ ಡಬ್ಬ. ಕೈ ಎಷ್ಟು ಹಗುರ ಅಂದರೆ ಅಳುತ್ತಾ ಬಂದವರು ಬ್ಯಾಂಡೇಜು ಮುಗಿದಿದ್ದು ಗೊತ್ತಾಗದೆ ಇನ್ನೂ ಕಾಲು ಚಾಚಿಕೊಂಡೇ ಕೂತಿರುತ್ತಾರೆ. ಅತ್ತಿಗೆಗಿದ್ದ ಸಂಕಟ ಒಂದೇ. ಊರಾಚೆ ಗುಡ್ಡದ ಮೇಲೆ, ಕಲ್ಲುಗಣಿ ಪಕ್ಕದಲ್ಲಿ ಮೂವತ್ತು ಮನೆಗಳಿವೆ. ಅಲ್ಲಿನ ಮುದುಕರು ಕೆಳಗಿಳಿದು ಬರೋದೇ ಇಲ್ಲ. “ಗಾಯ ಕೊಳೆತ ಮೇಲೆ ಹೊತ್ಕೊಂಡು ಬರ್ತಾರೆ ಕಣೇ. ಎಂಟು ದಿನ ಮೊದಲು ನನ್ನ ಕೈಗೆ ಸಿಕ್ಕಿದ್ರೆ ಕಾಲು ಉಳೀತಿತ್ತು,” ಅಂತ ಊಟಕ್ಕೆ ಕೂತಾಗಲೂ ಅದೇ ಮಾತು.

ಕೊನೆಗೂ ಆಸ್ಪತ್ರೆಯವರು ಗುಡ್ಡಕ್ಕೆ ಒಂದು ಪುಟ್ಟ ವ್ಯಾನು ಕೊಟ್ಟರು. ಓಡಿಸೋಕೆ ಬೇರೆ ಡ್ರೈವರಿಲ್ಲ, ಹೋಗುವ ನರ್ಸೇ ಓಡಿಸಬೇಕು. ಮುಂದಿನ ತಿಂಗಳ ಕೊನೆಯೊಳಗೆ ಯಾರ ಹತ್ತಿರವೂ ಲೈಸೆನ್ಸ್ ಇಲ್ಲದಿದ್ದರೆ ವ್ಯಾನು ಬೇರೆ ಊರಿನ ಆಸ್ಪತ್ರೆಗೆ. ನಲವತ್ತೆಂಟನೇ ವಯಸ್ಸಲ್ಲಿ ಅತ್ತಿಗೆ “ನಾನು ಕಲೀತೀನಿ” ಅಂದರು. ಮನೆಯಲ್ಲೇ ಡ್ರೈವರ್ ಇರುವಾಗ ಇನ್ಯಾರು ಕಲಿಸಬೇಕು? ಅಣ್ಣ ಕಲಿಸಿದ. ಚೆನ್ನಾಗಿಯೇ ಕಲಿಸಿದ, ಅದೇ ಎಡವಟ್ಟಾಗಿದ್ದು.

ಮೊದಲ ಪರೀಕ್ಷೆಯ ದಿನ ಮೋಡ ಕವಿದಿತ್ತು. ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು ಲೈಟು ಹಾಕೋಕೆ ಹೇಳಿದರು, ಅತ್ತಿಗೆ ಹಾಕಿದರು. ಸಿಗ್ನಲ್ ಬಂತು, ಅಭ್ಯಾಸಬಲದಿಂದ ಆರಿಸಿದರು. ಆಮೇಲೆ ಹಾಗೇ ರೈಲ್ವೆ ಸೇತುವೆಯ ಕೆಳಗಿನ ಕತ್ತಲಿಗೆ ನುಗ್ಗಿದರು.

“ಲೈಟ್ ಯಾಕೆ ಆರಿಸಿದ್ರಿ ಅಮ್ಮ?” ಅಂತ ಅವರು ಕೇಳಿದರೆ ನಮ್ಮತ್ತಿಗೆ, “ಪೆಟ್ರೋಲು ಉಳಿಯುತ್ತೆ ಸರ್,” ಅಂದರಂತೆ. ಫೇಲು.

ಎರಡನೇ ಸಲ ತುಂತುರು ಮಳೆ. ವೈಪರ್ ಒಂದು ಸಲ ಒರೆಸಿ ಆಫ್, ರೈಲ್ವೆ ಗೇಟಿನಲ್ಲಿ ಲೈಟು ಆಫ್. ಮತ್ತೆ ಫೇಲು. ಮನೆಗೆ ಬಂದು ಯೂನಿಫಾರ್ಮ್ ಮಡಿಸುತ್ತಾ ಕೂತ ಅತ್ತಿಗೆಯ ಕಣ್ಣಿಂದ ನೀರು ಸುರಿಯುತ್ತಿತ್ತು. “ಬೇಡ ಬಿಡಿ. ಗುಡ್ಡದವರ ಹಣೇಲಿ ಬರೆದಿಲ್ಲ,” ಅಂದರು.

ಅಣ್ಣ ಏನಂದ ಗೊತ್ತಾ? “ಆ ಇನ್‌ಸ್ಪೆಕ್ಟರಿಗೆ ಗಾಡಿ ಬಗ್ಗೆ ಏನು ಗೊತ್ತು? ಸರ್ಕಾರಿ ಪೆಟ್ರೋಲು, ಕುಡಿದರೆ ಅವನಿಗೇನು?” ನನಗೆ ಮೈಯೆಲ್ಲ ಉರಿದುಹೋಯಿತು.

“ಅಣ್ಣ, ಭಾನುವಾರ ಬೆಳಿಗ್ಗೆ ಕಾರು ತಗೊಂಡು ನನ್ನ ಶೆಡ್ಡಿಗೆ ಬಾ,” ಅಂದೆ. “ಮಾತು ಸಾಕು, ಅಳೆದೇ ನೋಡೋಣ.”

ಬಂದ. ಟ್ಯಾಂಕಿನ ಪೈಪು ಬಿಚ್ಚಿ, ಗೆರೆ ಹಾಕಿದ ಒಂದು ಲೀಟರಿನ ಬಾಟಲಿಗೆ ಜೋಡಿಸಿದೆ. ಹಳೇ ಕಾರು, ಬಾಟಲಿ ಎತ್ತಿ ಕಟ್ಟಿದರೆ ಓಡುತ್ತೆ. ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಲೈಟು ಹಾಕದೆ ಹತ್ತು ಸುತ್ತು, ಬಾಟಲಿ ಮತ್ತೆ ತುಂಬಿಸಿ ಲೈಟು ಹಾಕಿಕೊಂಡು ಹತ್ತು ಸುತ್ತು, ಅದೇ ವೇಗ. ಎರಡೂ ಸಲ ಬಾಟಲಿಯ ತಳದಲ್ಲಿ ಒಂದಿಷ್ಟು ಮಿಕ್ಕಿತ್ತು, ಎರಡನೇ ಸಲ ಕಡಿಮೆ. ಅಣ್ಣನ ಮುಖ ಅರಳಿತು. “ನೋಡಿದ್ಯಾ?” ಅಂದ.

“ಇರು,” ಅಂದೆ. ಕ್ಯಾನಿನಿಂದ ಟೀ ಚಮಚದಲ್ಲಿ ಪೆಟ್ರೋಲು ತೆಗೆದು, ಮೊದಲ ಸಲ ಮಿಕ್ಕಿದ್ದ ಮಟ್ಟದ ಗೆರೆ ಮುಟ್ಟುವವರೆಗೆ ಅವನ ಕಣ್ಣೆದುರೇ ಹಾಕುತ್ತಾ ಬಂದೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಗೆರೆ ಮುಟ್ಟಿತು.

“ಲೀಟರಿಗೆ ಇಷ್ಟೇನಾ?” ಅಂದ. ನಂಬಲಿಲ್ಲ, ಇನ್ನೊಂದು ಸಲ ಮಾಡಿಸಿದ. ಮತ್ತೆ ನಾಲ್ಕೇ ಚಮಚ. ಎಸಿ ಇದ್ದಿದ್ದರೆ, ಹುಡುಗರ ಕಾರಿನಲ್ಲಿರುವ ಹಾಗೆ ಡಿಕ್ಕಿ ತುಂಬ ಸ್ಪೀಕರ್ ಇದ್ದಿದ್ದರೆ ಮಾತು ಬೇರೆ, ಅವು ಲೋಟಗಟ್ಟಲೆ ಕುಡಿಯುತ್ತವೆ ಅಂತ ವಿವರಿಸಿದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು, ನನ್ನ ಬಾಯಿ ಕೇಳಬೇಕಲ್ಲ. ಕಾರಿನ ತಲೆ ಮೇಲೆ ಅವನು ವರ್ಷಗಳಿಂದ ಖಾಲಿ ಹೊತ್ತು ತಿರುಗುತ್ತಿದ್ದ ಕಬ್ಬಿಣದ ಲಗೇಜ್ ಕ್ಯಾರಿಯರ್ ಬಿಚ್ಚಿಸಿ ಮತ್ತೆ ಹತ್ತು ಸುತ್ತು ಹಾಕಿಸಿದೆ. ಲೈಟು ಉರಿಯುತ್ತಲೇ ಇತ್ತು, ಆದರೂ ಮುಂಚಿಗಿಂತ ಎಂಟು ಚಮಚ ಹೆಚ್ಚು ಉಳಿಯಿತು.

ಅಣ್ಣ ಶೆಡ್ಡಿನ ಮೆಟ್ಟಿಲ ಮೇಲೆ ಕುಸಿದು ಕೂತ. ನಾನು ನಗೋಣ ಅಂದುಕೊಂಡಿದ್ದೆ, ಅವನ ಮುಖ ನೋಡಿ ನಗು ಬರಲಿಲ್ಲ. “ನಾಲ್ಕು ಚಮಚಕ್ಕೆ ಅವಳನ್ನ ಎರಡು ಸಲ ಫೇಲ್ ಮಾಡಿಸಿದೆನಲ್ಲೇ,” ಅಂದ. ಅವನ ಬಾಯಲ್ಲಿ ತಪ್ಪೊಪ್ಪಿಗೆ ಬಂದಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ತಿಂಗಳ ಕೊನೆಗೆ ಉಳಿದಿದ್ದು ಒಂದೇ ಪರೀಕ್ಷೆ, ಒಂಬತ್ತು ದಿನ. ಅತ್ತಿಗೆಯ ಬುದ್ಧಿಗೆ ಎಲ್ಲ ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ. ಕಾರು ನಿಂತರೆ ಎಡಗೈ ತಾನಾಗಿ ಡ್ಯಾಶ್‌ಬೋರ್ಡಿನ ಲೈಟಿನ ಗುಂಡಿಗೆ ಹೋಗುತ್ತಿತ್ತು. ಅದಕ್ಕೆ ಅಣ್ಣ ಒಂದು ಉಪಾಯ ಮಾಡಿದ. ದಿನಾ ಸಂಜೆ ಅವರ ಪಕ್ಕದಲ್ಲಿ ಕೂತು ಆ ಗುಂಡಿಯ ಮೇಲೆ ತನ್ನ ಅಂಗೈ ಮುಚ್ಚಿಟ್ಟುಕೊಂಡ. ಪ್ರತಿ ಸಿಗ್ನಲ್ಲಲ್ಲೂ ಅತ್ತಿಗೆಯ ಕೈ ಬಂದು ಅವನ ಕೈ ಮೇಲೆ ಕೂರುತ್ತಿತ್ತು.

“ಏನು, ಈ ವಯಸ್ಸಲ್ಲಿ ರಸ್ತೆ ಮಧ್ಯ ಕೈ ಕೈ ಹಿಡ್ಕೊಂಡು?” ಅಂತ ಹಿಂದಿನ ಸೀಟಿಂದ ರೇಗಿಸಿದೆ.

“ನೀನು ಬಾಯಿ ಮುಚ್ಕೊಂಡು ಕೂತ್ಕೋ,” ಅಂದರು ಅತ್ತಿಗೆ. ಕೆನ್ನೆ ಮಾತ್ರ ಕೆಂಪಾಗಿತ್ತು.

ಪರೀಕ್ಷೆಯ ದಿನ ನಾನೂ ಅಣ್ಣನೂ ಆಫೀಸಿನ ಕಾಂಪೌಂಡಿನಲ್ಲಿ ನಿಂತಿದ್ದೆವು. ಅವನು ಮೂರು ಸಲ ನೀರು ಕುಡಿದ. ಕಾರು ವಾಪಸು ಬಂತು, ಅತ್ತಿಗೆ ಇಳಿದರು, ಕೈಯಲ್ಲಿ ಸಹಿ ಬಿದ್ದ ಕಾಗದ. “ಸಿಗ್ನಲ್ ಹತ್ರ ಕೈ ಹೋಗೇಬಿಡ್ತು ಕಣೇ,” ಅಂದರು ನನಗೆ. “ನಿಮ್ಮಣ್ಣನ ಕೈ ಅಲ್ಲಿರಲಿಲ್ಲ, ಬರೀ ಗುಂಡಿ ಸಿಕ್ತು. ಹಾಗೇ ವಾಪಸ್ ತಗೊಂಡೆ.” ಅಣ್ಣ ಆ ಕಾಗದವನ್ನು ಎರಡು ಸಲ ಓದಿದ.

ಮೊದಲ ವಾರ ನುರಿತ ಡ್ರೈವರ್ ಜೊತೆಗಿರಬೇಕು ಅಂತ ಆಸ್ಪತ್ರೆಯವರು ಹೇಳಿದ್ದರಿಂದ ಅಣ್ಣನೂ ವ್ಯಾನಿನಲ್ಲಿ ಹೋದ. ಅದರ ವೈರಿಂಗ್ ನೋಡಿಕೊಟ್ಟವಳು ನಾನು, ಹಿಂದಿನ ಸೀಟು ಬಿಡುತ್ತೇನೆಯೇ? ಗುಡ್ಡದ ಮೊದಲ ಮನೆಯಲ್ಲಿ ಕಾಲಿನ ಗಾಯದ ಒಬ್ಬ ಅಜ್ಜಿ ಬಾಗಿಲಲ್ಲೇ ಕೂತಿದ್ದರು. ಗಾಯಕ್ಕೆ ಸುತ್ತಿದ್ದ ಬಟ್ಟೆ ಆಗಲೇ ಬಿಚ್ಚಿ, ಬಿಸಿನೀರು ಸಿದ್ಧ ಮಾಡಿಕೊಂಡಿದ್ದರು.

“ನಾವು ಬರೋದು ಹೇಗೆ ಗೊತ್ತಾಯ್ತಜ್ಜಿ?” ಅಂತ ಅಣ್ಣ ಕೇಳಿದ.

“ಈ ವಾರ ನರ್ಸಮ್ಮ ಬರ್ತಾರೆ ಅಂದಿದ್ರು. ಕೆಳಗಿನ ತಿರುವಲ್ಲಿ ಲೈಟು ಕಾಣ್ತಲ್ಲಪ್ಪ. ಸಂಜೆ ಹೊತ್ತು ಈ ಕಡೆ ಇನ್ಯಾರು ಬರ್ತಾರೆ? ಕಂಡ ತಕ್ಷಣ ನೀರಿಟ್ಟೆ,” ಅಂದರು ಅಜ್ಜಿ.

ಅತ್ತಿಗೆ ಗಾಯ ತೊಳೆದರು, ಔಷಧಿ ಹಚ್ಚಿ ಕಟ್ಟಿದರು. ಅಜ್ಜಿ ಇನ್ನೂ ಕಾಲು ಚಾಚಿಕೊಂಡೇ ಇದ್ದರು. ಅಣ್ಣ ಅಷ್ಟು ಹೊತ್ತೂ ಅಂಗಳದಲ್ಲಿ ನಿಂತು ಕೆಳಗಿನ ದಾರಿಯನ್ನೂ ಮೇಲಿನ ಮನೆಗಳನ್ನೂ ನೋಡುತ್ತಿದ್ದ. ಎಲ್ಲರೂ ವ್ಯಾನು ಹತ್ತಿದೆವು. ಅತ್ತಿಗೆ ಎಂಜಿನ್ ಶುರುಮಾಡಿ ಲೈಟು ಹಾಕಿದರು.

“ಹೈ ಬೀಮ್ ಹಾಕು,” ಅಂದ ಅಣ್ಣ. “ಮೇಲಿನ ಮನೆಯವರಿಗೂ ಕಾಣಲಿ. ನೀರಿಡ್ತಾರೆ.”