ಕಣ್ಣಿಗೆ ಕಾಣದ ಪೆಟ್ಟಿಗೆ, ಕೆನ್ನೆಗೆ ಹಿಡಿದ ಬಾಟಲಿ

ಬೆಳಿಗ್ಗೆ ಆರೂವರೆ. ಬಿಕರ್ನಕಟ್ಟೆಯಿಂದ ಮೊದಲ ಬಸ್ಸಿಗೆ ಬಂದ ರೊಸಾಲಿನ್, ಮಂಗಳೂರಿನ ಪ್ರಯೋಗಾಲಯದ ಫ್ರಿಜ್ಜಿನಿಂದ ಬಾಟಲಿಗಳನ್ನು ತೆಗೆದು ವರಾಂಡದ ಬೆಂಚಿನ ಮೇಲೆ ಸಾಲಾಗಿ ಇಡುತ್ತಾರೆ. ಬಾಟಲಿಗಳು ಒಂದು ಗಂಟೆ ಸುಮ್ಮನೆ ಕೂರಬೇಕು. ರೊಸಾಲಿನ್ ಕೂರುವುದಿಲ್ಲ.

ಇಪ್ಪತ್ತೊಂದು ವರ್ಷಗಳಿಂದ ಅವರಿಲ್ಲಿ ಸಹಾಯಕಿ. ದಿನಕ್ಕೆ ಹದಿನಾಲ್ಕು ಬಾಟಲಿ ದ್ರಾವಣ ಬೆರೆಸಿ, ಹುಳಿ ಎಷ್ಟೆಂದು ಪಿಎಚ್ ಮೀಟರಿನಲ್ಲಿ ಅಳೆಯುವುದು ಕೆಲಸ. ಸಂಶೋಧಕರು ಅದರಲ್ಲಿ ಡಿಎನ್‌ಎ ಎಳೆಗಳಿಂದ ಪೆಟ್ಟಿಗೆ ಕಟ್ಟುತ್ತಾರೆ. ಹುಳಿ ಏರಿದರೆ ಮುಚ್ಚಳ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ. ಒಂದು ಹನಿಯಲ್ಲಿ ಕೋಟಿಗಟ್ಟಲೆ ಪೆಟ್ಟಿಗೆ. ಬಂದರಿನ ಗೋದಾಮುಗಳೂ ಈ ಅಳತೆಯವಾಗಿದ್ದರೆ ಮಾಲೀಕರು ಅವನ್ನು ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನ ಊಟಕ್ಕೆ ಹೋಗಬಹುದಿತ್ತು.

ಜನವರಿಯಲ್ಲಿ ಬಾಲ ಯೇಸುವಿನ ನೊವೆನಾ ಪ್ರಾರ್ಥನೆಗೆಂದು ರೊಸಾಲಿನ್ ಒಂಬತ್ತು ದಿನ ರಜೆ ಹಾಕಿದರು. ಪೆಟ್ಟಿಗೆಗಳೂ ರಜೆ ಹಾಕಿದವು. ಕುದ್ರೋಳಿಯ ಸಂಶೋಧನಾ ವಿದ್ಯಾರ್ಥಿನಿ ಝಹ್ರಾ ತಾನೇ ಬೆರೆಸಿದ ದ್ರಾವಣದಲ್ಲಿ ಒಂದು ಮುಚ್ಚಳವೂ ತೆರೆಯಲಿಲ್ಲ. ಹತ್ತನೇ ದಿನ ಪರಿಶೀಲನಾ ಸಮಿತಿಯ ಸಭೆ. ತೆರೆದು ತೋರಿಸದಿದ್ದರೆ ಅವಳು ಮೂರು ವರ್ಷದ ಕೆಲಸವನ್ನೇ ಕೈಬಿಡಬೇಕು.

ಆ ಬೆಳಿಗ್ಗೆ ಕೆಲಸಕ್ಕೆ ಮರಳಿದ ರೊಸಾಲಿನ್, ಝಹ್ರಾಳ ಬಾಟಲಿಯನ್ನು ಕೆನ್ನೆಗೆ ಹಿಡಿದರು.

"ಎಂತ ಮಾರಾಯ್ತಿ, ಫ್ರಿಜ್ಜಿನಿಂದ ತೆಗೆದು ಹಾಗೇ ಅಳೆದದ್ದಾ?"

"ಹೌದು ಆಂಟಿ. ಮೀಟರ್ ಬೇಕಾದ ಹಾಗೆ ಸರಿಯಾಗಿ ಎಂಟು ತೋರಿಸಿದೆಯಲ್ಲ?"

"ತಣ್ಣಗಿರುವಾಗ ತೋರಿಸ್ತದೆ. ಪೆಟ್ಟಿಗೆ ನೋಡುವ ನಿನ್ನ ಮೆಷಿನ್ ಒಳಗೆ ಬಿಸಿ ಉಂಟಲ್ಲ, ಅಲ್ಲಿ ಇದರ ಹುಳಿ ಏರ್ತದೆ. ಮತ್ತೆ ಪೆಟ್ಟಿಗೆ ಎಂತ, ನಿನ್ನ ಮುಖ ನೋಡಿ ತೆರೀಬೇಕಾ?"

"ಪುಸ್ತಕದಲ್ಲಿ ಓದಿದ್ದೆ ಆಂಟಿ. ಅರ್ಜೆಂಟಲ್ಲಿ ಮರೆತೇಹೋಯ್ತು."

"ನಾನು ಓದಿಲ್ಲ. ಹಾಗಾಗಿ ಮರೆಯುವ ಪ್ರಶ್ನೆಯೇ ಇಲ್ಲ."

ಸಮಿತಿಗೆ ಎರಡು ಗಂಟೆ ಉಳಿದಿತ್ತು. ಅದರಲ್ಲಿ ಒಂದನ್ನು ಬಾಟಲಿ ಬೆಚ್ಚಗಾಗಲು ಕೊಡಬೇಕೆಂದು ರೊಸಾಲಿನ್ ಹಟ ಹಿಡಿದರು. ಆಮೇಲೆ ಅಳೆದು, ಹುಳಿ ಇಳಿಸಲು ಹನ್ನೊಂದು ಹನಿ ಕ್ಷಾರ ಬಿಟ್ಟರು. ಸಮಿತಿಯ ಎದುರಿಗೇ ಪರದೆಯ ಮೇಲೆ ಹಸಿರು ಗೆರೆ ಎದ್ದಿತು. ಪೆಟ್ಟಿಗೆ ತೆರೆಯಿತೆಂಬುದಕ್ಕೆ ಅದೇ ಗುರುತು. ಎಲ್ಲರೂ ಪರದೆಯನ್ನೇ ನೋಡುತ್ತ ಕೂತರು. ಮಂಗಳೂರಿನಲ್ಲಿ ಚಹಾದ ಜೊತೆ ತಂದಿಟ್ಟ ಗೋಳಿಬಜೆ ಯಾರೂ ಮುಟ್ಟದೆ ತಣ್ಣಗಾದದ್ದು ಇತಿಹಾಸದಲ್ಲಿ ಅಂದೊಂದೇ ದಿನ.

ನಿಮಗೇನು ಬೇಕು ಎಂದು ಕೇಳಿದರೆ ರೊಸಾಲಿನ್ ಬಾಟಲಿ ಒರೆಸುತ್ತಲೇ ಹೇಳುತ್ತಾರೆ: "ಮುಂದಿನ ಜನವರಿಗೂ ಒಂಬತ್ತು ದಿನ ರಜೆ ಬೇಕು. ಅಷ್ಟರಲ್ಲಿ ಈ ಮಕ್ಕಳಿಗೆ ಕಾಯುವುದು ಕಲಿಸ್ತೇನೆ."

ವರಾಂಡದ ಬೆಂಚಿನ ತುದಿಯಲ್ಲಿ ಝಹ್ರಾ, ಬಾಟಲಿಯೊಂದನ್ನು ಕೆನ್ನೆಗೆ ಹಿಡಿದು ಕೂತಿದ್ದಾಳೆ.